ಮಕ್ಕಳ ಮಾತು, ಆಟ, ಆನ್‌ಲೈನ್ ಸ್ಪೀಚ್ ಥೆರಪಿ: ನಮ್ಮ ಕಡೆ ತಂದಿ-ತಾಯಿ ಪದೇ ಪದೇ ಕೇಳೋ ಪ್ರಶ್ನೆಗಳು

ಬಳ್ಳಾರಿ, ಕೊಪ್ಪಳ, ರಾಯಚೂರು ಕಡೆಯಿಂದ ಫೋನ್‌ನಾಗ, ವಾಟ್ಸಪ್ಪಿನ್ಯಾಗ, ಥೆರಪಿ ಮುಗಿಸಿ ಚಪ್ಪಲಿ ಹಾಕ್ಕೊಳ್ಳೋ ಹೊತ್ತಿನ್ಯಾಗ ಬರೋ ಪ್ರಶ್ನೆ ಹೆಚ್ಚುಕಮ್ಮಿ ಒಂದೇ ನಮೂನಿ ಇರ್ತಾವ. ಅವನ್ನ ಕೇಳಿದವ್ರ ಮಾತಿನ್ಯಾಗೇ ಇಟ್ಟು ಉತ್ತರ ಬರದೀನಿ. ಎಲ್ಲಾ ಓದ್ಬೇಕಂತಿಲ್ಲ, ನಿಮಗ ಬೇಕಾಗಿದ್ದು ಹುಡುಕ್ಕೊಂಡು ಅದನ್ನಷ್ಟ ಓದ್ರಿ ಸಾಕು.

## ಮೊದಲು ಕೇಳೋವು

ಮಗಂಗ ಎರಡು ವರ್ಷ ತುಂಬ್ಯಾವ, ಅಮ್ಮ ಅಪ್ಪ ಬಿಟ್ರ ಏನೂ ಅನ್ನಂಗಿಲ್ಲ. ಅವರಪ್ಪನೂ ಮೂರು ವರ್ಷಕ್ಕ ಮಾತಾಡಿದ್ನಂತ. ಇನ್ನೊಂಚೂರು ಕಾಯೋಣೇನ್ರಿ?

ಕಾಯಬ್ಯಾಡ್ರಿ. ಗಾಬರಿನೂ ಆಗಬ್ಯಾಡ್ರಿ. ಸಾಮಾನ್ಯವಾಗಿ ಒಂದು ವರ್ಷದ ಆಸುಪಾಸು ಮೊದಲನೇ ಶಬ್ದ ಬರ್ತೈತಿ, ಎರಡು ವರ್ಷಕ್ಕ ಸುಮಾರು 50 ಶಬ್ದ ಇರ್ತಾವ, "ಅಮ್ಮ ಬಾ", "ಹಾಲು ಬೇಕು" ಅಂತ ಎರಡೆರಡು ಜೋಡಿಸ್ತಾವ, ಮೂರಕ್ಕ ಸಣ್ಣ ಸಣ್ಣ ವಾಕ್ಯ. ಸ್ವಲ್ಪ ಹಿಂದು ಮುಂದು ಇದ್ದೇ ಇರ್ತೈತಿ, ತಡಾ ಮಾಡಿ ಮಾತಾಡೋ ಮಕ್ಕಳೊಳಗ ಎಷ್ಟೋ ಮಂದಿ ತಾವೇ ಸರಿ ಹೋಗ್ತಾರ ಅನ್ನೋದೂ ಖರೇನ. ಆದ್ರ ಯಾವ ಕೂಸು ತಾನೇ ಸರಿ ಹೋಗ್ತೈತಿ, ಯಾವುದು ಹೋಗಂಗಿಲ್ಲ ಅಂತ ಎರಡನೇ ವರ್ಷದಾಗ ಯಾರಿಗೂ ಗ್ಯಾರಂಟಿ ಹೇಳಾಕ ಬರಂಗಿಲ್ಲ. ಅಪ್ಪ ಆಗ ಮಾತಾಡಿದ್ದು ಅಪ್ಪಂದು, ಮಗಂದು ಬ್ಯಾರೆ. ಮನಿತನದಾಗ ಹಂಗ ಇದ್ರ ಅದು ಇನ್ನೂ ಲಗೂನ ತೋರಿಸಾಕ ಒಂದು ಕಾರಣ, ಕಾಯಾಕಲ್ಲ.

ಮಾತಿಗಿಂತ ಮುಂಚೆ ನೋಡೋದು ಬ್ಯಾರೆ ಅದಾವ: ಹೆಸರು ಕರದ್ರ ತಿರುಗ್ತಾನೇನು, ಬೇಕಾಗಿದ್ದನ್ನ ಬೊಟ್ಟು ಮಾಡಿ ತೋರಿಸ್ತಾನೇನು, ಹಕ್ಕಿ ಕಂಡ್ರ ನಿಮ್ಮ ಮುಖ ನೋಡಿ "ನೀನೂ ನೋಡು" ಅಂಬೋ ಹಂಗ ಮಾಡ್ತಾನೇನು, ಹೇಳಿದ್ದು ತಿಳೀತೈತೇನು. ಇವು ಇದ್ದು ಮಾತಷ್ಟ ಇಲ್ಲಂದ್ರ ಒಂದು ದಾರಿ, ಇವೂ ಇಲ್ಲಂದ್ರ ಒಂದು ದಿನಾನೂ ತಡಾ ಮಾಡೋದಲ್ಲ. ಇದ್ದ ಶಬ್ದ ಹೋಗ್ಬಿಟ್ರಂತೂ ಅವತ್ತೇ ಡಾಕ್ಟರ್ ಹತ್ರ ಹೋಗ್ರಿ.

ಕಿವಿ ಚೊಲೋ ಕೇಳ್ತಾವ್ರಿ, ಟಿವಿ ಹಚ್ಚಿದ್ರ ಒಳಗಿಂದ ಓಡಿ ಬರ್ತಾನ. ಮತ್ತ ಕಿವಿ ಟೆಸ್ಟ್ ಯಾಕ?

ಟಿವಿ ಸೌಂಡಿಗೆ ಓಡಿ ಬರೋದಕ್ಕ ಪೂರ್ತಿ ಕಿವಿ ಬೇಕಾಗಿಲ್ಲ, ಅರ್ಧ ಕೇಳಿಸಿದ್ರೂ ಸಾಕು. ಕೆಲವು ಮಕ್ಕಳಿಗೆ ದಪ್ಪ ಸಪ್ಪಳ ಕೇಳ್ತಾವ, ಸ, ಶ, ತ ಅಂಥಾ ತೆಳು ಸಪ್ಪಳ ಕೇಳಂಗಿಲ್ಲ. ಪದೇ ಪದೇ ನೆಗಡಿ ಆಗಿ ಕಿವಿ ಪರದೆ ಹಿಂದ ನೀರು ನಿಂತ್ರೂ ನೀರಾಗ ಮುಳುಗಿ ಕೇಳಿದಂಗ ಕೇಳ್ತೈತಿ. ನಮ್ಮ ಕಡೆ ಸ್ವಾದರಮಾವ, ಅತ್ತಿ ಮಗ ಅಂತ ಸಂಬಂಧದೊಳಗ ಮದಿವಿ ಜಾಸ್ತಿ, ಹುಟ್ಟಿನಿಂದ ಬರೋ ಕಿವುಡು ಅಂಥಾ ಮನಿತನದಾಗ ಹೆಚ್ಚು. ಯಾರನ್ನೂ ಬೈಯಾಕ ಹೇಳಿದ್ದಲ್ಲ ಇದು, ಟೆಸ್ಟ್ ಮಾಡ್ಸಾಕ ಹೇಳಿದ್ದು.

ಕಿವಿ ಎಷ್ಟು ಕೇಳ್ತೈತಿ ಅಂತ ನೋಡಾಕ ಓಎಇ, ಬೆರಾ ಅಂತ ಎರಡು ಟೆಸ್ಟ್ ಅದಾವ, ಎರಡರಾಗೂ ಚುಚ್ಚೋದು ಏನಿಲ್ಲ. ಬೆರಾಕ್ಕ ಕೂಸು ಮಲಗಿರ್ಬೇಕು, ಅದಕ್ಕ ಹಿಂದಿನ ರಾತ್ರಿ ಸ್ವಲ್ಪ ತಡಾ ಮಲಗಿಸಿ, ಮುಂಜಾನೆ ಬಸ್ಸಿನ್ಯಾಗ ನಿದ್ದಿ ಮಾಡ್ಸದಂಗ ಕರ್ಕೊಂಡು ಹೋಗ್ರಿ. ಬಸ್ಸಿನ್ಯಾಗ ಮಲಗಿ ಆಸ್ಪತ್ರ್ಯಾಗ ಎದ್ದು ಕುಂತ್ರ ಅವತ್ತಿನ ಓಡಾಟ ದಂಡ. ಎಲ್ಲರೂ ವಿಮ್ಸ್ ಅಂತಲೇ ಕರಿಯೋ ಬಳ್ಳಾರಿ ಮೆಡಿಕಲ್ ಕಾಲೇಜು, ರಾಯಚೂರಿನ ರಿಮ್ಸ್, ಕೊಪ್ಪಳದ ಮೆಡಿಕಲ್ ಕಾಲೇಜು, ಇವುಗಳ ಕಿವಿ-ಮೂಗು-ಗಂಟಲು ವಿಭಾಗದಾಗ ಮೊದಲು ವಿಚಾರಿಸ್ರಿ.

ಅತ್ತಿ ಬಜಿ ತೇಯ್ದು ನಾಲಿಗಿಗೆ ಹಚ್ಚು ಅಂತಾರ, ಬಾಜು ಮನಿಯವ್ರು ನಾಲಿಗಿ ಕೆಳಗಿನ ದಾರ ಕತ್ತರಿಸು ಅಂತಾರ. ಯಾವುದು ಮಾಡ್ಲಿ?

ಬಜಿಯಿಂದ ಮಾತು ಬರಂಗಿಲ್ಲ. ಅದರಾಗ ಬೀಟಾ ಅಸರೋನ್ ಅನ್ನೋ ಅಂಶ ಐತಿ, ಹೆಚ್ಚಾದ್ರ ಕೂಸಿಗೆ ವಾಂತಿ ಆಗ್ತೈತಿ, ಅಮೆರಿಕದಾಗ ಊಟದ ಪದಾರ್ಥದಾಗ ಬಜಿ ಹಾಕೋದನ್ನ 1968ರಾಗೇ ನಿಷೇಧ ಮಾಡ್ಯಾರ. ಅತ್ತಿ ಜೋಡಿ ಜಗಳ ಬ್ಯಾಡ, "ಡಾಕ್ಟರ್ ಬ್ಯಾಡಂದ್ರು" ಅಂತ ನಮ್ಮ ಮ್ಯಾಲೆ ಹಾಕ್ರಿ.

ನಾಲಿಗಿ ದಾರ ಬಿಗಿ ಇದ್ರ ಹಾಲು ಕುಡಿಯಾಕ ತ್ರಾಸ ಆಗಬಹುದು, ಕೆಲವು ಅಕ್ಷರ ತೊಡಕಬಹುದು. ಆದ್ರ ಮಾತೇ ಬರ್ಲಾರದ ಕೂಸಿಗೆ ಅದು ಕಾರಣ ಅಲ್ಲ. ಶಬ್ದ ಹುಟ್ಟೋದು ತಲಿಯೊಳಗ, ಮೂಕ ಸನ್ನಿ ಮಾಡೋ ಮಗುಗೂ ಹೇಳೋ ಮಾತಿರ್ತೈತಿ. ಪರೀಕ್ಷೆ ಮಾಡ್ಸದ ಕತ್ತರಿ ಹಚ್ಚಿಸಬ್ಯಾಡ್ರಿ.

ಮನೇಲಿ ತೆಲುಗು, ಓಣೀಲಿ ಉರ್ದು, ಸ್ಕೂಲಲ್ಲಿ ಇಂಗ್ಲಿಷು. ಒಂದೇ ಭಾಷೆ ಮಾತಾಡಿಸಿ, ಇಲ್ಲಾಂದ್ರೆ ಮಗು ಕನ್ಫ್ಯೂಸ್ ಆಗ್ತಾಳೆ ಅಂದಿದಾರೆ. ಯಾವುದು ಬಿಡೋಣ?

ಯಾವುದೂ ಬಿಡಬ್ಯಾಡ್ರಿ. ಎರಡು ಮೂರು ಭಾಷೆ ಕೇಳೋದ್ರಿಂದ ಮಾತು ತಡಾ ಆಗಂಗಿಲ್ಲ, ಇದು ಎಷ್ಟೋ ದೇಶದಾಗ ಎಷ್ಟೋ ಸಲ ಪರೀಕ್ಷೆ ಆಗಿರೋ ವಿಷಯ. ಮತ್ತ ನೋಡ್ರಿ, ರಾಯಚೂರಿನ ಪ್ಯಾಟ್ಯಾಗ ಕಾಯಿಪಲ್ಯ ಮಾರೋ ಅಕ್ಕ ಮೂರು ಭಾಷೆ ಒಂದೇ ಉಸುರಿನ್ಯಾಗ ಆಡ್ತಾಳ, ತಾಂಡಾದ ಹುಡುಗ್ರು ಮನ್ಯಾಗ ಲಂಬಾಣಿ, ಸಾಲ್ಯಾಗ ಕನ್ನಡ, ಸಿನಿಮಾ ತೆಲುಗು. ಇಷ್ಟು ತಲಿಮಾರು ಯಾರೂ ಕನ್ಫ್ಯೂಸ್ ಆಗ್ಲಿಲ್ಲ.

ಶಬ್ದ ಎಣಿಸುವಾಗ ಎಲ್ಲಾ ಭಾಷೆ ಕೂಡಿಸಿ ಎಣಿಸ್ರಿ. ತೆಲುಗಿನ್ಯಾಗ "ಪಾಲು" ಅಂದು, ಕನ್ನಡದಾಗ "ಹಾಲು" ಅಂದ್ರ ಅದು ಎರಡು. ನನಗ ಬ್ಯಾಸರ ಆಗೋದು ಯಾವುದು ಅಂದ್ರ, ಮಾತು ತಡಾ ಆತಂತ ತಾಯಿ ತನ್ನ ಮನಿಮಾತು ಬಿಟ್ಟು, ತನಗೇ ಸರಿಯಾಗಿ ಬರ್ಲಾರದ ಇಂಗ್ಲಿಷಿನ್ಯಾಗ "ಕಮ್, ಸಿಟ್, ಈಟ್" ಅಂತ ಶುರು ಮಾಡೋದು. ಆ ಮೂರು ಶಬ್ದಕ್ಕ ಮಾತು ಮುಗೀತು. ಅದೇ ತಾಯಿ ತನ್ನ ಮಾತಿನ್ಯಾಗ ಆದ್ರ ಬೈತಾಳ, ನಗ್ತಾಳ, ಕತಿ ಹೇಳ್ತಾಳ, ಹಾಡ್ತಾಳ. ಕೂಸಿಗೆ ಬೇಕಾಗಿದ್ದು ಅದು. ಥೆರಪಿಸ್ಟಿಗೆ ನಿಮ್ಮ ಮನಿಮಾತು ಬರದಿದ್ರ ಆಟ ಅವರು ಕಲಿಸ್ಲಿ, ಶಬ್ದ ನೀವು ಹಾಕ್ರಿ. ಆನ್‌ಲೈನಿನ್ಯಾಗ ಇದು ಭಾಳ ಸರಳ ನಡೀತೈತಿ, ಯಾಕಂದ್ರ ಅಲ್ಲಿ ಮಾತಾಡ್ಸೋವ್ರು ಹೆಂಗೂ ನೀವೇ.

ಒಂದು ಕಡೆ ಮೊಬೈಲ್ ಕೊಡಬ್ಯಾಡ ಅಂತೀರಿ, ಇನ್ನೊಂದು ಕಡೆ ಮೊಬೈಲ್‌ನಾಗೇ ಥೆರಪಿ ಮಾಡ್ತೀರಿ. ಇದೇನ್ರಿ ನಿಮ್ಮ ಲೆಕ್ಕ?

ಚೊಲೋ ಪ್ರಶ್ನೆ, ಎಲ್ಲಾರೂ ಕೇಳ್ಬೇಕಾದ್ದು. 2003ರಾಗ ಅಮೆರಿಕದಾಗ ಪೆಟ್ರೀಷಿಯಾ ಕುಲ್ ಮತ್ತವರ ಜೋಡಿಯವ್ರು 9 ತಿಂಗಳ ಕೂಸುಗಳಿಗೆ ಚೀನಾದ ಮ್ಯಾಂಡರಿನ್ ಭಾಷೆ ಕೇಳಿಸಿದ್ರು. ಎದುರಿಗೆ ಮನುಷ್ಯಾರು ಕುಂತು ಆಟ ಆಡಿಸಿಗೋತ ಮಾತಾಡಿದ್ರ ಕೂಸುಗಳು ಆ ಭಾಷೆಯ ಸಪ್ಪಳದ ಫರಕು ಗುರುತು ಹಿಡದ್ವು, ಅದೇ ಮಂದೀನ ವಿಡಿಯೋದಾಗ ತೋರಿಸಿದ್ರ ಏನೂ ಕಲೀಲಿಲ್ಲ. ಆಮ್ಯಾಲೆ 2014ರಾಗ ಇನ್ನೊಂದು ಅಧ್ಯಯನ ಆತು, ಎರಡರಿಂದ ಎರಡೂವರೆ ವರ್ಷದ ಮಕ್ಕಳ ಮ್ಯಾಲೆ. ಲೈವ್ ವಿಡಿಯೋ ಕಾಲಿನ್ಯಾಗ ಹೊಸ ಶಬ್ದ ಕಲಿಸಿದ್ರ, ಎದುರಿಗೆ ಕುಂತು ಕಲಿಸಿದಂಗ ಕಲಿತ್ವು. ಮೊದಲೇ ರೆಕಾರ್ಡ್ ಮಾಡಿದ್ದು ತೋರಿಸಿದ್ರ ಕಲೀಲಿಲ್ಲ.

ಅಂದ್ರ ಮಗು ಕಲಿಯೋದು ತನಗ ಉತ್ತರ ಕೊಡೋ ಮನುಷ್ಯಾರಿಂದ. ಕೂಸು "ಬಾ" ಅಂದ್ರ ಯೂಟ್ಯೂಬಿನ ರೈಮ್ಸ್ ನಿಲ್ಲಂಗಿಲ್ಲ, ತನ್ನ ಪಾಡಿಗೆ ಹಾಡ್ಕೊಂತ ಹೋಗ್ತೈತಿ. ನೀವು ನಿಲ್ತೀರಿ, "ಬಂದೆ ಬಂದೆ" ಅಂತೀರಿ. ವಿಶ್ವ ಆರೋಗ್ಯ ಸಂಸ್ಥೆ 2019ರಾಗ ಹೇಳಿದ್ದು ಎರಡು ವರ್ಷದೊಳಗಿನ ಮಕ್ಕಳಿಗೆ ಸ್ಕ್ರೀನೇ ಬ್ಯಾಡ, 2ರಿಂದ 4 ವರ್ಷದವ್ರಿಗೆ ದಿನಕ್ಕ ಒಂದು ತಾಸಿಗಿಂತ ಹೆಚ್ಚು ಬ್ಯಾಡ ಅಂತ. ನಮ್ಮ ದೇಶದ ಮಕ್ಕಳ ಡಾಕ್ಟರ್‌ಗಳ ಸಂಘನೂ ಸಣ್ಣ ಕೂಸುಗಳಿಗೆ ಬಂಧು ಬಳಗದವ್ರ ವಿಡಿಯೋ ಕಾಲ್ ಅಷ್ಟ ಬಿಟ್ಟುಕೊಟ್ಟೈತಿ.

ಎರಡು ವರ್ಷದ ಆಸುಪಾಸಿನ ಮಕ್ಕಳ ಥೆರಪಿ ಒಳಗ ಫೋನ್ ಇರೋದು ನಿಮ್ಮ ಸಲುವಾಗಿ. ಗ್ವಾಡಿಗೆ ಒರಗಿಸಿ ಇಡ್ರಿ, ನೀವು ಮಗು ಜೋಡಿ ಆಡ್ರಿ, ನಾವು ನೋಡಿ ಹೇಳ್ತೀವಿ. ಮಗು ಸ್ಕ್ರೀನ್ ನೋಡದಿದ್ರ ಅವತ್ತಿನ ಕ್ಲಾಸು ಇನ್ನೂ ಚೊಲೋ ಆತು ಅಂತ ತಿಳೀರಿ.

## ಆನ್‌ಲೈನ್ ಥೆರಪಿ ನಡಿಯೋ ರೀತಿ

ನಮ್ಮ ಹುಡುಗ ಐದು ನಿಮಿಷಾನೂ ಒಂದು ಕಡೆ ಕುಂದ್ರಂಗಿಲ್ಲ. ಆನ್‌ಲೈನ್ ಹೆಂಗ ಆಗ್ತೈತಿ?

ಕುಂದ್ರಬೇಕು ಅಂತ ಯಾರು ಹೇಳಿದ್ರು? ಓಡೋ ಹುಡುಗ ಇದ್ರ ಓಡೋ ಆಟಾನ ತಗೋತೀವಿ. ನೀವು ಬಾಗಿಲ ಸಂದ್ಯಾಗ ಕೈ ಅಡ್ಡ ಇಟ್ಟು ನಿಂದ್ರಿ, ಮಗ ಬಂದು ನಿಂತ್ಮ್ಯಾಲೆ "ತೆಗಿ" ಅಂತ ನೀವೇ ಅಂದು ಕೈ ತೆಗೀರಿ. ನಾಕು ಸಲ ಆದ್ಮ್ಯಾಲೆ ಐದನೇ ಸಲ ಏನೂ ಅನ್ನದ ಸುಮ್ನ ಮುಖ ನೋಡ್ರಿ. ಕಣ್ಣಾಗ ನೋಡ್ತಾನ, ಕೈ ಎಳೀತಾನ, "ತೆ" ಅಂತಾನ, ಏನು ಬಂದ್ರೂ ಕೈ ತೆಗೀಬೇಕು. ಅದು ಥೆರಪೀನ. ಕಾಲ್ ನಡಿಯೋದು ಸಾಮಾನ್ಯ ಅರ್ಧ ತಾಸಿಂದ ಮುಕ್ಕಾಲು ತಾಸು, ಅದರಾಗ ಮಗು ಇರೋದು ಸ್ವಲ್ಪ ಹೊತ್ತು, ಉಳದದ್ದು ನಿಮ್ಮ ಜೋಡಿ ಮಾತು. ನಾಕು ವರ್ಷ ದಾಟಿದ ಮಕ್ಕಳಾದ್ರ ಸ್ಕ್ರೀನಿನ ಮ್ಯಾಲೆ ಚಿತ್ರ ತೋರಿಸಿ, ಅಡಗಿಸಿ, ಗೆರಿ ಹೊಡೆದು ನೇರ ಅವರ ಜೋಡೀನ ಆಡಬಹುದು, ಅವರಿಗೆ ಅದು ಮಜಾನೂ ಆಗ್ತೈತಿ.

ಬರೀ ಆಟ ಆಡಿಸ್ತೀರಿ. ಇದಕ್ಕ ರೊಕ್ಕ ಯಾಕ ಕೊಡ್ಬೇಕ್ರಿ?

ಇದನ್ನ ಸಾಮಾನ್ಯ ಗಂಡಸರು ಕೇಳ್ತಾರ, ಕ್ಯಾಮೆರಾದ ಹೊರಗ ನಿಂತು. ಬಿಡಿಸಿ ಹೇಳ್ತೀನಿ.

ಆಟದಾಗ ಮೂರು ಅದಾವ. ಒಂದು, ಇಬ್ಬರೂ ಒಂದೇ ವಸ್ತು ನೋಡೋದು. ಮಗು ಬಂಡಿ ನೋಡ್ತಿರುವಾಗ ನೀವು "ಬಂಡಿ" ಅಂದ್ರ ಆ ಶಬ್ದ ಅಂಟ್ಕೊಂತೈತಿ, ಮಗು ಬಂಡಿ ನೋಡ್ತಿರುವಾಗ ನೀವು ಚಾರ್ಟ್ ಹಿಡಿದು "ಆಪಲ್" ಅಂದ್ರ ಅದು ಗಾಳಿಗೆ ಹೋತು. ಎರಡು, ಸರದಿ. ನಿನ್ನ ಸರದಿ, ನನ್ನ ಸರದಿ. ಚಂಡು ಉಳ್ಳಿಸೋದು, ಕಣ್ಣಾಮುಚ್ಚಾಲಿ, ಗೋಲಿ, ದೊಡ್ಡ ಮಕ್ಕಳಿಗೆ ಚೌಕಾಬಾರ, ಇವೆಲ್ಲಾ ಸರದಿ ಮ್ಯಾಲೇ ನಿಂತಾವ. ಮಾತುಕತಿ ಅಂದ್ರೂ ಅದೇ, ಒಬ್ರು ಆಡಿ ಬಿಟ್ಟುಕೊಡೋದು, ಇನ್ನೊಬ್ರು ಹಿಡಿಯೋದು. ಮೂರನೇದು ಮರಳಿ ಮರಳಿ ಬರೋದು. ಒಂದು ಶಬ್ದ ಬಾಯಾಗ ಬರ್ಬೇಕಾದ್ರ ಕಿವಿಗೆ ಎಷ್ಟೋ ಸಲ ಬಿದ್ದಿರ್ಬೇಕು, ಆಟದಾಗ ಅಷ್ಟೂ ಸಲ ಬ್ಯಾಸರಿಲ್ಲದ ಬೀಳ್ತೈತಿ.

ಮಣ್ಣೆತ್ತಿನ ಅಮಾಸಿ ತಗೋರಿ. ಎರಿ ಮಣ್ಣು ತಂದು, ಕಲಸಿ, ಎತ್ತು ಮಾಡಿ, ಗ್ವಾದಲಿ ಮಾಡಿ, ಪೂಜಿ ಮಾಡ್ತೀವಿ. ಅದರಾಗ "ಹಾಕು, ಕಲಸು, ಒತ್ತು, ಉದ್ದ ಮಾಡು, ಕ್ವಾಡು ಹಚ್ಚು, ಮುರೀತು!, ಮತ್ತ ಹಚ್ಚು" ಅಂತ ಎಷ್ಟು ಕ್ರಿಯಾಪದ ಬಂದ್ವು ನೋಡ್ರಿ. ಮಾತು ಕಲಿಸ್ತೀವಂತ ಪ್ರಾಣಿ ಹೆಸರು, ಹಣ್ಣಿನ ಹೆಸರು, ಬಣ್ಣದ ಹೆಸರು ಬಾಯಿಪಾಠ ಮಾಡಿಸ್ತಾರ, ಆ ಹುಡುಗಗ "ಪರ್ಪಲ್" ಬರ್ತೈತಿ, "ಕೊಡು" ಬರಂಗಿಲ್ಲ. ಹೆಸರಷ್ಟ ಇದ್ರ ವಾಕ್ಯ ಆಗಂಗಿಲ್ರಿ, ಕೆಲಸದ ಶಬ್ದ ಬೇಕು. ಬಾ, ಹೋಗು, ಕೊಡು, ತೆಗಿ, ಹಾಕು, ಬ್ಯಾಡ, ಇನ್ನ. ಇಷ್ಟು ಬಂದ್ರ ಮಗಿನ ಅರ್ಧ ದಿನ ಅಳೋದು ನಿಲ್ತೈತಿ.

ನೀವು ರೊಕ್ಕ ಕೊಡೋದು ಇದರಾಗ ನಿಮ್ಮ ಮಗುಗೆ ಈಗ ಯಾವ ಹಂತ, ಯಾವ ಶಬ್ದ, ಎಲ್ಲಿ ನಿಲ್ಲಬೇಕು ಅಂತ ನೋಡಿ ಹೇಳೋದಕ್ಕ.

ಯಾವ ಟಾಯ್ಸ್ ಆರ್ಡರ್ ಮಾಡಲಿ? ಲಿಂಕ್ ಕಳಿಸಿ

ಲಿಂಕ್ ಇಲ್ಲ. ಮುಚ್ಚಳ ಇರೋ ಸ್ಟೀಲ್ ಡಬ್ಬಿ, ಚೀಲ, ಚಂಡು, ಎರಡು ಸೌಟು, ಹಳೇ ಸೀರಿ, ರಟ್ಟಿನ ಡಬ್ಬಿ ಸಾಕು. ಡಬ್ಬಿಯೊಳಗ ಏನರೆ ಹಾಕಿ ಬಿಗಿಯಾಗಿ ಮುಚ್ಚಿ ಕೊಡ್ರಿ, ತೆಗ್ಯಾಕ ಬರ್ಲಾರದಕ್ಕ ನಿಮ್ಮ ಹತ್ರ ಬಂದೇ ಬರ್ತೈತಿ. ಗುಂಡಿ ಒತ್ತಿದ್ರ ಎಬಿಸಿಡಿ ಹೇಳೋ ಬ್ಯಾಟರಿ ಆಟಿಗಿ ಮಾತ್ರ ಬ್ಯಾಡ, ಅದು ತಾನೇ ಮಾತಾಡಿ ಮಗೀನ ಬಾಯಿ ಮುಚ್ಚಿಸ್ತೈತಿ. ಕೊಪ್ಪಳ ಕಡೆಯವ್ರಾದ್ರ ಕಿನ್ನಾಳದ ಕಟಗಿ ಗೊಂಬಿ ಒಂದು ತಂದಿಡ್ರಿ, ಥೆರಪಿಗೆ ಬೇಕಂತಲ್ಲ, ಚಂದ ಅದಾವಂತ. ಮೂರು ವರ್ಷದೊಳಗಿನವ್ರ ಕೈಯಾಗ ಗೋಲಿ, ಹುಣಸಿ ಬೀಜ, ಶೇಂಗಾ ಕೊಟ್ಟು ಆಡಿಸಬ್ಯಾಡ್ರಿ, ಗಂಟಲದಾಗ ಸಿಗ್ತಾವ.

ಹಳ್ಳ್ಯಾಗ ನೆಟ್‌ವರ್ಕ್ ಬರಂಗಿಲ್ಲ, ಬ್ಯಾಸಿಗ್ಯಾಗ ಕರೆಂಟೂ ಇರಂಗಿಲ್ಲ. ನಮಗಾಗ್ತೈತೇನು?

ಆಗ್ತೈತಿ. ಲೈವ್ ಕಾಲ್ ಸಿಗದಿದ್ರ ನೀವು ಮಗು ಜೋಡಿ ಆಡೋ ಎರಡು ಮೂರು ನಿಮಿಷದ ವಿಡಿಯೋ ಮಾಡಿ ಕಳಿಸ್ರಿ, ಥೆರಪಿಸ್ಟ್ ನೋಡಿ "ಇಲ್ಲಿ ಇನ್ನೊಂಚೂರು ಕಾಯ್ಬೇಕಿತ್ತು" ಅಂತ ವಾಯ್ಸ್ ಮೆಸೇಜ್ ಹಾಕ್ತಾರ. ಒಮ್ಮೊಮ್ಮೆ ಲೈವ್‌ಗಿಂತ ಇದೇ ಚೊಲೋ ನಡೀತೈತಿ, ಕ್ಯಾಮೆರಾ ಮುಂದ ನಾಚ್ಕೊಳ್ಳೋ ತಾಯಂದಿರಿಗೆ. ಏಪ್ರಿಲ್ ಮೇ ಒಳಗ ನಮ್ಮ ಕಡೆ 40 ಡಿಗ್ರಿ ದಾಟ್ತೈತಿ, ಮಧ್ಯಾಹ್ನದ ಟೈಮ್ ತಗೋಬ್ಯಾಡ್ರಿ, ಮುಂಜಾನೆ ಇಟ್ಕೋರಿ.

ನಾವಿಬ್ರೂ ಬೆಂಗಳೂರಿಗೆ ದುಡಿಯಾಕ ಬಂದೀವಿ, ಮಗಳು ಊರಾಗ ನಮ್ಮವ್ವನ ಹತ್ರ ಅದಾಳ. ಅವ್ವಗ ಓದಾಕ ಬರಂಗಿಲ್ಲ. ಅವ್ವ ಏನು ಥೆರಪಿ ಮಾಡ್ತಾಳ?

ಗುಳೇ ಹೋಗೋ ಮನಿಗಳಿಂದ ಈ ಪ್ರಶ್ನೆ ವರ್ಷಾ ವರ್ಷಾ ಬರ್ತೈತಿ. ಓದು ಬರ್ಬೇಕಂತಿಲ್ಲ, ಇದರಾಗ ಓದೋದು ಏನೂ ಇಲ್ಲ. ಅಜ್ಜಿ ರೊಟ್ಟಿ ಬಡಿಯೋ ಮುಂದ ಮಗೀನ ಬಾಜು ಕುಂದ್ರಿಸಿಕೊಂಡು (ಒಲಿಯಿಂದ ದೂರ) ಒಂದು ಸಣ್ಣ ಹಿಟ್ಟಿನ ಉಂಡಿ ಕೊಟ್ಟು "ಬಡಿ ಬಡಿ ಬಡಿ… ತಿರುವು!" ಅಂದ್ರ ಸಾಕು. ಜಳಕ, ಊಟ, ದನಕ್ಕ ನೀರು ಕುಡ್ಸೋದು, ಸಂಜಿಮುಂದ ದೀಪ ಹಚ್ಚೋದು, ದಿನಾ ಅವೇ ಕೆಲಸ, ಅವೇ ಶಬ್ದ. ಕೆಲಸ ಮುಗಿಯೋದ್ರಾಗ ಮಾತೂ ಆಗಿರ್ತೈತಿ, ಬ್ಯಾರೆ ಟೈಮ್ ತೆಗಿಯೋ ಅವಶ್ಯ ಇಲ್ಲ.

ಬೆಂಗಳೂರಿನ್ಯಾಗಿರೋ ನೀವೂ ಖಾಲಿ ಕುಂದ್ರಬ್ಯಾಡ್ರಿ. ವಿಡಿಯೋ ಕಾಲಿನ್ಯಾಗ "ಊಟ ಆತೇನು, ಹುಷಾರಾಗಿರು" ಅಂತ ಮುಗಿಸೋ ಬದಲಿ, ಟವೆಲ್‌ನಿಂದ ಮುಖ ಮುಚ್ಚಿ "ಅಪ್ಪ ಎಲ್ಲಿ?" ಅಂತ ಆಡ್ರಿ. ಇಬ್ರೂ ಒಂದೊಂದು ಬಾಳೆಹಣ್ಣು ಹಿಡ್ಕೊಂಡು ಕೂಡೇ ಸಿಪ್ಪಿ ಸುಲೀರಿ. ವಾರಕ್ಕ ಒಮ್ಮೆ ಥೆರಪಿಸ್ಟು, ಅಜ್ಜಿ, ನೀವು ಮೂವರೂ ಒಂದೇ ಕಾಲಿನ್ಯಾಗ ಕುಂತ್ರ ಎಲ್ಲರೂ ಒಂದೇ ಶಬ್ದದ ಮ್ಯಾಲೆ ಕೆಲಸ ಮಾಡಾಕ ಬರ್ತೈತಿ.

ಎಷ್ಟು ಸೆಷನ್ನಿಗೆ ಮಾತು ಬರ್ತಾವ? ಕರೆಕ್ಟ್ ಹೇಳಿ

ಕರೆಕ್ಟ್ ಯಾರೂ ಹೇಳಾಕ ಬರಂಗಿಲ್ಲ. "ಮೂರು ತಿಂಗಳ ಪ್ಯಾಕೇಜ್, ಗ್ಯಾರಂಟಿ ಮಾತು" ಅಂದ್ರ ಅಲ್ಲಿಂದ ಎದ್ದು ಬರ್ರಿ. ಕಿವಿ ಹೆಂಗೈತಿ, ತಿಳುವಳಿಕಿ ಎಷ್ಟೈತಿ, ಮನ್ಯಾಗ ದಿನಾ ಎಷ್ಟು ನಡೀತೈತಿ ಅನ್ನೋದರ ಮ್ಯಾಲೆ ಎಲ್ಲಾ. ಒಂದು ಮಾತ್ರ ಕೇಳಬಹುದು ನೀವು: ಮುಂದಿನ ಎರಡು ತಿಂಗಳ ಗುರಿ ಏನು, ಅದು ಆತೋ ಇಲ್ಲೋ ಅಂತ ನಮಗ ಹೆಂಗ ಗೊತ್ತಾಗ್ತೈತಿ? ಇದಕ್ಕ ಸೀದಾ ಉತ್ತರ ಕೊಡ್ಲಾರದವ್ರ ಹತ್ರ ಮುಂದುವರಿಬ್ಯಾಡ್ರಿ.

ಆನ್‌ಲೈನಲ್ಲಿ ಎಲ್ಲರೂ ಸ್ಪೀಚ್ ಥೆರಪಿಸ್ಟ್ ಅಂತಾರೆ. ಖರೇ ಯಾರು ಅಂತ ಹೇಗೆ ಗೊತ್ತಾಗುತ್ತೆ?

ಬಿಎಎಸ್‌ಎಲ್‌ಪಿ ಅಥವಾ ಎಂಎಎಸ್‌ಎಲ್‌ಪಿ (ಕಿವಿ-ಮಾತಿನ ಶಾಸ್ತ್ರದ ಡಿಗ್ರಿಗಳು) ಇಲ್ಲಾ ಅದರ ಸಮಾನ ಡಿಗ್ರಿ ಇರ್ಬೇಕು, ಭಾರತೀಯ ಪುನರ್ವಸತಿ ಪರಿಷತ್ತಿನ ನೋಂದಣಿ ನಂಬರ್ ಇರ್ಬೇಕು. ಸಿಆರ್‌ಆರ್ ನಂಬರ್ ಅಂತಾರ ಅದಕ್ಕ, ಕೇಳಿದ್ರ ಯಾರೂ ಸಿಟ್ಟಾಗಬಾರದು, ಸಿಟ್ಟಾದ್ರ ಅದೇ ಒಂದು ಸೂಚನಾ. ಎರಡು ವಾರದ ಸರ್ಟಿಫಿಕೇಟ್ ಕೋರ್ಸ್ ಮಾಡಿದವ್ರು ಆಟ ಆಡಿಸಬಹುದು, ಕಾರಣ ಹುಡುಕಾಕ ಬರಂಗಿಲ್ಲ. ಮೈಸೂರಿನ ಮಾನಸಗಂಗೋತ್ರಿಯೊಳಗಿರೋ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ, ನಮ್ಮ ಮಂದಿ ಐಶ್ ಅಂತಾರ, 1960ರ ದಶಕದಿಂದ ಇದೇ ಕೆಲಸ ಮಾಡ್ತೈತಿ. ರಾಯಚೂರಿನಿಂದ ಅಲ್ಲಿಗೆ 500 ಕಿಲೋಮೀಟರಿನ ಮ್ಯಾಲೆ. ಒಮ್ಮೆ ಹೋಗಿ ಪೂರ್ತಿ ಪರೀಕ್ಷೆ ಮಾಡಿಸ್ಕೊಂಡು ಬಂದು, ಮುಂದಿನ ಥೆರಪಿ ದೂರದಿಂದಲೇ ನಡಿಸೋದು ಭಾಳ ಮನಿಗಳಿಗೆ ಹೊಂದ್ತೈತಿ.

## ಸ್ವಲ್ಪ ಮುಂದ ಹೋದವ್ರು ಕೇಳೋವು

ದಿನಾ "ಇದೇನು? ಇದೇನು?" ಅಂತ ಕೇಳೀ ಕೇಳೀ ಸಾಕಾಗೇತಿ, ಬಾಯಿ ಬಿಡಂಗೇ ಇಲ್ಲ

ನಿಮ್ಮನ್ನ ಯಾರರ ದಿನಾ ಹಿಂಗ ಪರೀಕ್ಷೆ ಮಾಡಿದ್ರ ನೀವೂ ಬಾಯಿ ಬಿಡಂಗಿಲ್ಲ. ಒಂದು ವಾರ ಪ್ರಶ್ನೆ ಬಂದ್ ಮಾಡಿ ನೋಡ್ರಿ. "ಇದೇನು?" ಬದಲಿ "ಓ, ಆಕಳ. ಆಕಳ ಬಂತು" ಅಂತ ಹೇಳಿ ಸುಮ್ನಾಗ್ರಿ. ಹೇಳಿದ್ಮ್ಯಾಲೆ ಮನಸ್ಸಿನ್ಯಾಗ ಹತ್ತರ ತನಕ ಎಣಿಸ್ರಿ. ಆ ಹತ್ತು ಎಣಿಸೋದು ತಾಯಂದಿರಿಗೆ ಎಷ್ಟು ಕಷ್ಟ ಅಂದ್ರ, ಮೂರಕ್ಕ ಮತ್ತೊಂದು ಪ್ರಶ್ನೆ ಬಂದ್ಬಿಡ್ತೈತಿ!

ಮಗು "ಆಕ" ಅಂದ್ರ "ಹೂಂ, ಆಕಳ! ದೊಡ್ಡ ಆಕಳ" ಅಂತ ಒಂದು ಶಬ್ದ ಕೂಡಿಸಿ ವಾಪಸ್ ಕೊಡ್ರಿ. "ಹಂಗಲ್ಲ, ಸರಿಯಾಗಿ ಹೇಳು, ಆ-ಕ-ಳ" ಅನ್ನಬ್ಯಾಡ್ರಿ. ಹೇಳಿದ್ರಷ್ಟ ಬಿಸ್ಕೀಟ್ ಕೊಡ್ತೀನಿ ಅಂತ ಹಿಡ್ಕೊಂಡು ಅಳಿಸೋದೂ ಬ್ಯಾಡ. ಆಯ್ಕೆ ಕೊಡ್ರಿ, ಎರಡೂ ಕೈಯಾಗ ಹಿಡ್ಕೊಂಡು "ಹಣ್ಣು? ಬಿಸ್ಕೀಟ್?" ಅಂತ, ಕೈ ಮಾಡಿದ್ರೂ ಅದು ಉತ್ತರಾನ.

ಮಾತು ಎಲ್ಲಾ ಆಡ್ತಾಳ, ಆದ್ರ "ಕಾಗಿ" ಅನ್ನಾಕ "ತಾದಿ" ಅಂತಾಳ, "ರ" ಬರಂಗೇ ಇಲ್ಲ

ಎಷ್ಟು ವರ್ಷ ಅನ್ನೋದರ ಮ್ಯಾಲೆ ಐತಿ. ಮೂರು ವರ್ಷದವಳು ಕ ಬದಲಿ ತ ಅಂದ್ರ ಸಹಜ, ನಾಕು ದಾಟಿದ್ಮ್ಯಾಲೂ ಹಂಗೇ ಇದ್ರ ತೋರಿಸ್ರಿ. ರ ತಡಾ ಮಾಡಿ ಬರೋ ಅಕ್ಷರ, ಐದು ಆರರ ತನಕ ಟೈಮ್ ಕೊಡಬಹುದು. ಮೂರು ವರ್ಷಕ್ಕ ಹೊರಗಿನವ್ರಿಗೆ ಮಗೀನ ಮಾತು ಮುಕ್ಕಾಲು ಪಾಲಾದ್ರೂ ತಿಳೀಬೇಕು, ಅದು ದೊಡ್ಡ ಅಳತಿ. ಉಚ್ಚಾರಣೆ ಕೆಲಸಕ್ಕ ಆನ್‌ಲೈನ್ ಭಾಳ ಚೊಲೋ ಹೊಂದ್ತೈತಿ, ನಾಲಿಗಿ ಎಲ್ಲಿ ಹೋತು ಅಂತ ಕ್ಯಾಮೆರಾದಾಗ ಹತ್ತಿರದಿಂದ ಕಾಣ್ತೈತಿ.

ಇನ್ನೊಂದು, ಟೀಚರ್ "ಭಾರತ ಅನ್ನಾಕ ಬಾರತ ಅಂತಾನ, ಥೆರಪಿಗೆ ಕಳಿಸ್ರಿ" ಅಂದ್ರಂತ ಬರ್ತಾರ. ಮಹಾಪ್ರಾಣ ನಮ್ಮ ಆಡುಮಾತಿನ್ಯಾಗ ದೊಡ್ಡವ್ರಿಗೇ ಇಲ್ಲ, ಮಗುಗೆ ಎಲ್ಲಿಂದ ಬರ್ಬೇಕು. ಅದು ಓದು-ಬರಹದ ಪಾಠ, ರೋಗ ಅಲ್ಲ.

ಮೂರೂವರೆ ವರ್ಷದ ಮಗ ಇದ್ದಕ್ಕಿದ್ದಂಗ "ನ-ನ-ನನಗ" ಅಂತ ತೊದಲಾಕ ಹತ್ಯಾನ. ಯಾರನ್ನರೆ ನೋಡಿ ಕಲಿತಾನೇನು?

ನೋಡಿ ಕಲಿಯೋದಲ್ಲ, ಹೆದರಿಕಿಯಿಂದ ಬರೋದೂ ಅಲ್ಲ. ಎರಡರಿಂದ ಐದು ವರ್ಷದೊಳಗ ಶುರುವಾಗೋದು ಸಾಮಾನ್ಯ, ಹೆಚ್ಚಿನ ಮಕ್ಕಳಿಗೆ ಬಿಟ್ಟೂ ಹೋಗ್ತೈತಿ. "ನಿಧಾನ ಹೇಳು, ಉಸುರು ತಗೊಂಡು ಹೇಳು" ಅನ್ನಬ್ಯಾಡ್ರಿ. ನೀವೇ ನಿಧಾನ ಮಾತಾಡ್ರಿ, ಮುಗಿಯೋ ತನಕ ಮುಖ ನೋಡ್ಕೊಂತ ಕೇಳ್ರಿ. ಆರು ತಿಂಗಳು ದಾಟಿದ್ರ, ಮುಖ ಕಿವುಚಿ ಜಗ್ಗಾಡಿದ್ರ, ಮಾತು ಬಿಟ್ಟು ಸುಮ್ನಾಗಾಕ ಹತ್ತಿದ್ರ, ಮನ್ಯಾಗ ದೊಡ್ಡವ್ರಿಗೆ ಉಗ್ಗು ಇದ್ರ, ತೋರಿಸ್ರಿ. ನಕಲು ಮಾಡೋ ಅಣ್ಣ ಅಕ್ಕಂದಿರಿಗೆ ಮಾತ್ರ ಮನ್ಯಾಗ ಗಟ್ಟಿಯಾಗೇ ಹೇಳ್ರಿ.

ಹೆಸರು ಕರದ್ರ ನೋಡಂಗಿಲ್ಲ, ಆದ್ರ ಟಿವಿ ಜಾಹೀರಾತು ಪೂರ್ತಿ ಒಪ್ಪಿಸ್ತಾನ. ಶಾಣ್ಯಾ ಅದಾನ ಅಂತ ಎಲ್ಲಾರೂ ಅಂತಾರ, ನನಗ್ಯಾಕೋ ಅಂಜಿಕಿ

ನಿಮ್ಮ ಅಂಜಿಕಿ ಮಾತು ಕೇಳ್ರಿ. ಶಾಣ್ಯಾನೂ ಇರಬಹುದು, ಆಟಿಸಂನೂ (ಮಂದಿ ಜೋಡಿ ಬೆರೆಯೋದು, ಮಾತಾಡೋದು ಬ್ಯಾರೆ ನಮೂನಿ ಇರೋ ಬೆಳವಣಿಗಿ) ಇರಬಹುದು, ಒಂದರಿಂದ ಇನ್ನೊಂದು ತಪ್ಪಂಗಿಲ್ಲ. ಇದನ್ನ ಫೋನ್‌ನಾಗ ಯಾರೂ ಹೌದು ಅಲ್ಲ ಹೇಳಬಾರದು, ಮಕ್ಕಳ ಡಾಕ್ಟರ್, ಸೈಕಾಲಜಿಸ್ಟ್, ಸ್ಪೀಚ್ ಥೆರಪಿಸ್ಟ್ ಎದುರಿಗೆ ಕೂಡಿಸ್ಕೊಂಡು ನೋಡ್ಬೇಕು.

ಆ ಜಾಹೀರಾತಿನ ಸಾಲು ಅರ್ಥ ಇಲ್ಲದ್ದಲ್ಲ. ಯಾವಾಗ ಹೇಳ್ತಾನ ಬರದಿಡ್ರಿ. ಹಸಿವಾದಾಗ ಬಿಸ್ಕೀಟಿನ ಜಾಹೀರಾತು ಹೇಳಿದ್ರ, ಅವ ಬಿಸ್ಕೀಟ್ ಕೇಳಾಕತ್ಯಾನ. ಆಗ ನೀವು "ಬಿಸ್ಕೀಟ್ ಬೇಕು" ಅಂತ ಅವನ ಪರವಾಗಿ ಹೇಳಿ ಕೊಡ್ರಿ. ಚಿತ್ರದ ಕಾರ್ಡು, ಸನ್ನಿ, ಮಾತಾಡೋ ಆ್ಯಪು ಕೊಟ್ರ ಮಾತು ಕಲಿಯಂಗಿಲ್ಲ ಅಂತ ಹೆದರಸ್ತಾರ, ಅದು ಸುಳ್ಳು. ಹೇಳಾಕ ಒಂದು ದಾರಿ ಸಿಕ್ಕ ಮಗುಗೆ ಮಾತಿನ ದಾರಿ ಬಂದ್ ಆಗಂಗಿಲ್ಲ.

ಆನ್‌ಲೈನ್ ಯಾರಿಗೆ ಬ್ಯಾಡ?

ನುಂಗಾಕ ತ್ರಾಸ ಇರೋರು, ಊಟದಾಗ ಪದೇ ಪದೇ ಕೆಮ್ಮಿ ಉಸುರು ಕಟ್ಟೋರು ಎದುರಿಗೇ ತೋರಿಸ್ಬೇಕು. ಬಾಯಿಯೊಳಗಿನ ಅಂಗುಳ ಸೀಳಿದ್ರ ಮೊದಲು ಆಪರೇಷನ್ ಟೀಮಿನ ಜೋಡಿ ಮಾತಾಡ್ರಿ. ಹೊಸದಾಗಿ ಹಿಯರಿಂಗ್ ಏಡ್ ಹಾಕಿಸಿದ್ರ, ಕಾಕ್ಲಿಯರ್ ಇಂಪ್ಲಾಂಟ್ (ಆಪರೇಷನ್ ಮಾಡಿ ಕಿವಿಯೊಳಗ ಕೂಡಿಸೋ ಮಷಿನ್) ಆಗಿದ್ರ ಮಷಿನ್ ಹೊಂದಿಸೋದು ಆಸ್ಪತ್ರ್ಯಾಗ, ಆಮ್ಯಾಲಿನ ಕೇಳೋ-ಮಾತಾಡೋ ಅಭ್ಯಾಸ ಆನ್‌ಲೈನ್. ಉಳದವ್ರಿಗೆ ಮೊದಲನೇ ಪರೀಕ್ಷೆ ಎದುರಿಗೆ ಆದ್ರ ಚೊಲೋ.

ಸರ್ಕಾರದಿಂದ ಏನರೆ ಸಿಗ್ತೈತೇನು?

ಸಿಗ್ತೈತಿ, ಕೇಳಿದವ್ರಿಗೆ. 2013ರಾಗ ಶುರುವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ಟೀಮು ಅಂಗನವಾಡಿಗೆ ವರ್ಷಕ್ಕ ಎರಡು ಸಲ, ಸರ್ಕಾರಿ ಸಾಲಿಗೆ ಒಂದು ಸಲ ಬರ್ಬೇಕು, ಹುಟ್ಟಿನಿಂದ 18 ವರ್ಷದ ತನಕ. ಬೆಳವಣಿಗಿ ತಡಾ ಆಗೋದೂ ಅವರ ಪಟ್ಟ್ಯಾಗ ಐತಿ. ಟೀಮು ಬರೋ ದಿನ ಅಂಗನವಾಡಿ ಟೀಚರ್‌ಗೆ ಮುಂಚೆ ಕೇಳಿ ಇಟ್ಕೊಂಡು, ಅವತ್ತು ಕೂಸಿನ ಜೋಡಿ ನೀವೂ ಹೋಗಿ ಬಾಯಿ ಬಿಟ್ಟು ಹೇಳ್ರಿ. ಅಲ್ಲಿಂದ ಜಿಲ್ಲಾ ಶೀಘ್ರ ಮಧ್ಯಸ್ಥಿಕೆ ಕೇಂದ್ರಕ್ಕ, ಡಿಇಐಸಿ ಅಂತಾರ, ಕಳಿಸ್ತಾರ, ಅಲ್ಲಿ ಥೆರಪಿ ಫ್ರೀ. ಹುಟ್ಟು ಕಿವುಡು ಇದ್ರ ಅಂಗವಿಕಲರಿಗೆ ಸಾಧನ ಕೊಡೋ ಕೇಂದ್ರದ ಎಡಿಪ್ ಯೋಜನೆಯೊಳಗ ಕಾಕ್ಲಿಯರ್ ಇಂಪ್ಲಾಂಟಿಗೆ ನೆರವು ಐತಿ, ಆದ್ರ ಐದು ವರ್ಷದೊಳಗ, ಅದಕ್ಕ ಓಡಾಟ ಲಗೂನ ಶುರು ಮಾಡ್ರಿ.

2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯೊಳಗ 21 ನಮೂನಿ ಅಂಗವೈಕಲ್ಯ ಅದಾವ, ಆಟಿಸಂ, ಕಿವುಡು ಎರಡೂ ಬರ್ತಾವ, ಅವಕ್ಕ ಯುಡಿಐಡಿ ಕಾರ್ಡ್ (ಅಂಗವಿಕಲರ ಗುರುತಿನ ಚೀಟಿ) ಮಾಡಿಸಬಹುದು. ಬರೀ ಮಾತು ತಡಾ ಅಂದ್ರ ಸರ್ಟಿಫಿಕೇಟ್ ಸಿಗಂಗಿಲ್ಲ, ಏಜೆಂಟರಿಗೆ ರೊಕ್ಕ ಕೊಟ್ಟು ಮೋಸ ಹೋಗಬ್ಯಾಡ್ರಿ. ಆಟಿಸಂ, ಸೆರೆಬ್ರಲ್ ಪಾಲ್ಸಿ, ಬುದ್ಧಿಮಾಂದ್ಯ, ಬಹುವಿಧ ಅಂಗವೈಕಲ್ಯ ಇದ್ದವ್ರಿಗೆ ಕೇಂದ್ರ ಸರ್ಕಾರದ ನ್ಯಾಷನಲ್ ಟ್ರಸ್ಟಿನ ನಿರಾಮಯ ಆರೋಗ್ಯ ವಿಮೆ 1 ಲಕ್ಷದ ತನಕ ಐತಿ, ಥೆರಪಿ ಖರ್ಚೂ ಅದರಾಗ ಬರ್ತೈತಿ. ಬಿಲ್ಲು ಎಲ್ಲಾ ಜ್ವಾಕಿ ಇಡ್ರಿ.

ಮಾತು ಬಂದ್ಮ್ಯಾಲೆ ಸಾಲಿಗೆ ಹಾಕೋಣ ಅಂತ ಬಿಟ್ಟೀವಿ. ಸರಿ ಐತೇನ್ರಿ?

ಉಲ್ಟಾ ಐತಿ. ಅಂಗನವಾಡಿಗೆ ಈಗಲೇ ಕಳಿಸ್ರಿ, ಓರಗಿ ಹುಡುಗ್ರು ಆಡಿಸಿದಂಗ ನಾವು ನೀವು ಆಡಿಸಾಕ ಬರಂಗಿಲ್ಲ. ಟೀಚರ್‌ಗೆ ಎರಡು ಹೇಳಿ ಬರ್ರಿ: ಮುಂದ ಕುಂದ್ರಿಸ್ರಿ, ಎಲ್ಲರ ಮುಂದ ನಿಲ್ಲಿಸಿ "ಹೇಳು" ಅಂತ ಒತ್ತಾಯ ಮಾಡಬ್ಯಾಡ್ರಿ. ಥೆರಪಿಸ್ಟ್ ಒಪ್ಪಿದ್ರ ಆ ವಾರದ ಮೂರು ನಾಕು ಶಬ್ದ ಟೀಚರ್ ವಾಟ್ಸಪ್ಪಿಗೂ ಹಾಕ್ರಿ, ಊಟದ ಟೈಮಿನ್ಯಾಗ ಅವರೂ ಅವನ್ನೇ ಆಡ್ತಾರ.